ಟ್ಯಾಂಕರ್ ಚೀಟಿಯಿಂದ ಚಾಟ್‌ಬಾಟ್‌ವರೆಗೆ: ಕಂಪನಿಯೊಳಗಿನ ವಕೀಲರ ಕೆಲಸ ಬದಲಾಗುತ್ತಿರುವ ಬಗೆ

ಪೀಣ್ಯದಲ್ಲಿ ಒಂದು ಕಾರ್ಖಾನೆ ಅಂದುಕೊಳ್ಳಿ. ಬೆಳಿಗ್ಗೆ ಏಳೂವರೆ ಹೊತ್ತಿಗೆ ಗೇಟಿನ ಮುಂದೆ ನೀರಿನ ಟ್ಯಾಂಕರ್ ಬಂದು ನಿಲ್ಲುತ್ತದೆ. ಡ್ರೈವರ್ ಇಳಿದು ಸೆಕ್ಯೂರಿಟಿಯವರ ಕೈಗೆ ಒಂದು ಚೀಟಿ ಕೊಡುತ್ತಾನೆ. ತಾರೀಖು, ಗಾಡಿ ನಂಬರ್, ‘1 ಲೋಡ್’. ಅದರಲ್ಲಿರುವುದು ಅಷ್ಟೇ. ಸೆಕ್ಯೂರಿಟಿಯವರು ಸಹಿ ಹಾಕಿ ಚೀಟಿಯನ್ನು ಕಂಬಿಗೆ ಚುಚ್ಚಿಡುತ್ತಾರೆ. ತಿಂಗಳ ಕೊನೆಗೆ ಅಕೌಂಟ್ಸ್‌ನವರು ಎಣಿಸಿ ದುಡ್ಡು ಕೊಡುತ್ತಾರೆ.

ಲೋಡ್ ಅಂದರೆ ಎಷ್ಟು ಲೀಟರ್? ಬೆಂಗಳೂರಿನಲ್ಲಿ 6,000 ಲೀಟರ್ ಟ್ಯಾಂಕರ್ ಇದೆ, 8,000 ಇದೆ, 12,000 ಕೂಡ ಇದೆ. ದಿನಕ್ಕೆ ನಾಲ್ಕು ಲೋಡಿನಂತೆ ವರ್ಷಕ್ಕೆ 300 ದಿನ ಲೆಕ್ಕ ಹಾಕಿ. ಸಣ್ಣ ಟ್ಯಾಂಕರ್ ಆದರೆ 72 ಲಕ್ಷ ಲೀಟರ್. ದೊಡ್ಡದಾದರೆ 1 ಕೋಟಿ 44 ಲಕ್ಷ ಲೀಟರ್. ಚೀಟಿಗಳು ಅವೇ, ನೀರು ಮಾತ್ರ ಎರಡರಷ್ಟು.

ಹತ್ತು ವರ್ಷದ ಹಿಂದೆ ಈ ಚೀಟಿಗೂ ಕಂಪನಿಯ ಲೀಗಲ್ ಟೀಮಿಗೂ ಸಂಬಂಧವೇ ಇರಲಿಲ್ಲ. ಈಗ ಇದೆ. ನಾನು ಇಂಥ ಟೀಮುಗಳಲ್ಲಿ ಕೆಲಸ ಮಾಡುವವಳು. ನಮ್ಮ ಕೆಲಸ ಏನು ಅಂತ ಮನೆಯವರಿಗೆ, ನೆಂಟರಿಗೆ ಹೇಳುವುದು ಮೊದಲೇ ಕಷ್ಟ. “ಕೋರ್ಟಿಗೆ ಹೋಗಲ್ವಾ? ಕರಿ ಕೋಟು ಹಾಕಲ್ವಾ?” ಅಂತ ಕೇಳುತ್ತಾರೆ. ಈಚೆಗಂತೂ ಆ ಕೆಲಸವೇ ಬೇರೆ ರೂಪಕ್ಕೆ ತಿರುಗಿದೆ. ತಿರುಗಿಸುತ್ತಿರುವುದು ಎರಡು ಸಂಗತಿ. ಒಂದು ತಂತ್ರಜ್ಞಾನ. ಇನ್ನೊಂದು ನೀರು, ಹೊಗೆ, ಕಸ, ಕೂಲಿಗಳ ಲೆಕ್ಕ. ಎರಡನ್ನೂ ಬೇರೆ ಬೇರೆ ಮಾಡಿ ಮಾತಾಡುವುದು ರೂಢಿ. ಆದರೆ ಎರಡೂ ನಮ್ಮ ಟೇಬಲ್ಲಿಗೆ ಬಂದಾಗ ಕೇಳುವ ಪ್ರಶ್ನೆ ಒಂದೇ: ಈ ಮಾತಿಗೆ, ಈ ಅಂಕಿಗೆ, ಹೊಣೆ ಯಾರು?

ಲೆಕ್ಕವೇ ಕಾನೂನಾದಾಗ

ಷೇರುಪೇಟೆಯನ್ನು ನೋಡಿಕೊಳ್ಳುವ ಸೆಬಿ 2021ರ ಮೇ ತಿಂಗಳಲ್ಲಿ ಒಂದು ಸುತ್ತೋಲೆ ಹೊರಡಿಸಿತು. ಷೇರುಪೇಟೆಯಲ್ಲಿ ಮೌಲ್ಯದ ಲೆಕ್ಕಕ್ಕೆ ಮೊದಲ 1,000 ಸ್ಥಾನದಲ್ಲಿರುವ ಕಂಪನಿಗಳು ತಮ್ಮ ವಾರ್ಷಿಕ ವರದಿಯ ಜೊತೆ ಇನ್ನೊಂದು ವರದಿಯನ್ನೂ ಕೊಡಬೇಕು ಅಂತ. ಅದರ ಹೆಸರು ಬಿಆರ್‌ಎಸ್‌ಆರ್, ಅಂದರೆ ಕಂಪನಿಯ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ. 2022-23ರಿಂದ ಇದು ಕಡ್ಡಾಯ. ಒಟ್ಟು ಒಂಬತ್ತು ತತ್ವ, ಒಂದೊಂದರ ಕೆಳಗೂ ಸಾಲು ಸಾಲು ಪ್ರಶ್ನೆ.

ಪ್ರಶ್ನೆಗಳು ಬಹಳ ನೇರ. ಎಷ್ಟು ಕರೆಂಟು ಬಳಸಿದಿರಿ? ಕೆರೆ, ನದಿಯಿಂದ ಎಷ್ಟು ನೀರು ತೆಗೆದಿರಿ, ಬೋರ್‌ವೆಲ್‌ನಿಂದ ಎಷ್ಟು, ಹೊರಗಿನವರಿಂದ ಎಷ್ಟು ಕೊಂಡಿರಿ? ಒಟ್ಟು ಸಂಬಳದಲ್ಲಿ ಹೆಂಗಸರ ಪಾಲು ಎಷ್ಟು? ಕೆಲಸ ಮಾಡುವಾಗ ಎಷ್ಟು ಜನಕ್ಕೆ ಪೆಟ್ಟಾಯಿತು? ಸಪ್ಲೈಯರ್‌ಗಳಿಗೆ ಎಷ್ಟು ದಿನಕ್ಕೆ ದುಡ್ಡು ಕೊಡುತ್ತೀರಿ? ಕೊನೆಯ ಪ್ರಶ್ನೆ ನನಗೆ ಇಷ್ಟ. ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಕಾಯ್ದೆಯೇ ಹೇಳುತ್ತದೆ. ಆದರೂ ಎಷ್ಟೋ ಸಣ್ಣ ವರ್ಕ್‌ಶಾಪಿನವರು ಮೂರು ಮೂರು ತಿಂಗಳು ಫೋನ್ ಮಾಡುತ್ತಲೇ ಇರುತ್ತಾರೆ. ಆ ಕಾಯುವಿಕೆ ಈಗ ಒಂದು ಅಂಕಿಯಾಗಿ ಹೊರಗೆ ಕಾಣುತ್ತದೆ.

2023ರ ಜುಲೈನಲ್ಲಿ ಸೆಬಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಈ ಅಂಕಿಗಳಲ್ಲಿ ಮುಖ್ಯವಾದವನ್ನು ಹೊರಗಿನವರಿಂದ ಪರಿಶೀಲನೆ ಮಾಡಿಸಬೇಕು ಅಂದಿತು. ಮೊದಲ ವರ್ಷ 150 ಕಂಪನಿ, ಆಮೇಲೆ 250, 500. 2026-27ಕ್ಕೆ ಪೂರ್ತಿ 1,000.

ಈಗ ನಮ್ಮ ಚೀಟಿಗೆ ಬನ್ನಿ. ಪರಿಶೀಲನೆಗೆ ಬಂದವರು ಕೇಳುತ್ತಾರೆ: ಹೊರಗಿನಿಂದ ಕೊಂಡ ನೀರು ಇಷ್ಟು ಅಂತ ಬರೆದಿದ್ದೀರಲ್ಲ, ದಾಖಲೆ ತೋರಿಸಿ. ಅಕೌಂಟ್ಸ್‌ನವರು ಚೀಟಿಯ ಕಟ್ಟು ತಂದಿಡುತ್ತಾರೆ. ‘1 ಲೋಡ್’, ‘1 ಲೋಡ್’, ‘1 ಲೋಡ್’. ಲೀಟರ್ ಎಲ್ಲಿ? ಇನ್ನೊಂದು ಪ್ರಶ್ನೆಯೂ ಬರುತ್ತದೆ. ಟ್ಯಾಂಕರ್‌ನವರು ಈ ನೀರನ್ನು ಎಲ್ಲಿಂದ ತೆಗೆದರು? ನಮ್ಮ ರಾಜ್ಯದಲ್ಲಿ ಅಂತರ್ಜಲದ ಮೇಲೆ ಹಿಡಿತ ಇಡಲು 2011ರ ಕಾಯ್ದೆಯೇ ಇದೆ. ಆ ಬೋರ್‌ವೆಲ್‌ಗೆ ಅನುಮತಿ ಇದೆಯಾ?

ಅಲ್ಲಿಗೆ ಇದು ಲೀಗಲ್ ಟೀಮಿನ ಕೆಲಸವಾಯಿತು. ವಾರ್ಷಿಕ ವರದಿಯಲ್ಲಿ ಬಂದ ಅಂಕಿ ಅಂದರೆ ಕಂಪನಿ ಊರಿಗೆಲ್ಲ ಕೇಳುವ ಹಾಗೆ ಕೊಟ್ಟ ಮಾತು. ಅದನ್ನು ನಂಬಿ ಜನ ಷೇರು ಕೊಳ್ಳುತ್ತಾರೆ, ಬ್ಯಾಂಕು ಸಾಲ ಕೊಡುತ್ತದೆ. ಮಾತು ತಪ್ಪಾಗಿದ್ದರೆ ನೋಟಿಸ್ ಬರುತ್ತದೆ. ಹಾಗಾಗಿ ಈಗ ನೀರು ಪೂರೈಸುವವರ ಜೊತೆಗೂ ಕರಾರು ಬರೆಯಬೇಕು. ಚೀಟಿಯಲ್ಲಿ ಲೀಟರ್ ನಮೂದಿಸಬೇಕು, ಬೋರ್‌ವೆಲ್ ಅನುಮತಿಯ ಪ್ರತಿ ಕೊಡಬೇಕು, ಕೇಳಿದಾಗ ದಾಖಲೆ ತೋರಿಸಬೇಕು. ಎರಡೇ ಪುಟ ಸಾಕು. ಆದರೆ ಅದನ್ನು ಬರೆಯುವ ವಕೀಲರು ಒಂದು ಸಲವಾದರೂ ಗೇಟಿನ ಹತ್ತಿರ ಹೋಗಿ ನಿಂತಿರಬೇಕು. ಕ್ಯಾಬಿನ್‌ನಲ್ಲಿ ಕೂತು ಬರೆದ ಕರಾರಿನಲ್ಲಿ ‘ಲೋಡ್’ ಅನ್ನುವ ಪದ ಹಾಗೇ ಉಳಿದುಬಿಡುತ್ತದೆ.

ಇದೇ ಮಾತು ಜಾಹೀರಾತಿಗೂ ಸಲ್ಲುತ್ತದೆ. ಪ್ಯಾಕೆಟ್ ಮೇಲೆ ಹಸಿರು ಎಲೆ ಬರೆದು ‘ಪರಿಸರಸ್ನೇಹಿ’ ಅಂತ ಹಾಕುವುದು ಮೊದಲು ಮಾರ್ಕೆಟಿಂಗ್‌ನವರಿಗೆ ಬಿಟ್ಟ ವಿಷಯ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದಕ್ಕೇ ಮಾರ್ಗಸೂಚಿ ತಂದಿತು. ಅಂಥ ಪದ ಬಳಸಿದರೆ ಯಾವ ಆಧಾರದ ಮೇಲೆ ಹೇಳುತ್ತಿದ್ದೀರಿ ಅಂತ ತೋರಿಸಬೇಕು. ಕ್ಯೂಆರ್ ಕೋಡ್ ಕೊಟ್ಟು ವಿವರಕ್ಕೆ ದಾರಿ ಮಾಡಿದರೂ ಆಗುತ್ತದೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಇದೆ. ಮತ್ತೆ ಮಾಡಿದರೆ 50 ಲಕ್ಷದವರೆಗೆ. ಹಾಗಾಗಿ ಡಿಸೈನ್ ಪ್ರಿಂಟಿಗೆ ಹೋಗುವ ಮುಂಚೆ ನಮ್ಮ ಕಣ್ಣಿಗೆ ಬೀಳಬೇಕು.

ಬೋಲ್ಟಿನ ಜೊತೆ ಹೊಗೆಯ ಲೆಕ್ಕ

“ನಾವು ಷೇರುಪೇಟೆಯಲ್ಲಿಲ್ಲ, ನಮಗೇನು?” ಅಂತ ಸಣ್ಣ ಕಾರ್ಖಾನೆಯವರು ಕೇಳಬಹುದು. ಅವರಿಗೆ ಇದು ಬೇರೆ ಬಾಗಿಲಿನಿಂದ ಬರುತ್ತಿದೆ.

ಯುರೋಪಿಯನ್ ಒಕ್ಕೂಟ ಸಿಬಿಎಎಂ ಅನ್ನುವ ಪದ್ಧತಿ ತಂದಿದೆ, ಅಂದರೆ ಗಡಿಯಲ್ಲೇ ಇಂಗಾಲಕ್ಕೆ ಬೆಲೆ ಕಟ್ಟುವ ಪದ್ಧತಿ. ಹೊರಗಿನಿಂದ ಬರುವ ಉಕ್ಕು, ಅಲ್ಯೂಮಿನಿಯಂ, ಸಿಮೆಂಟು, ಗೊಬ್ಬರ ಮುಂತಾದ ಸರಕು ತಯಾರಾಗುವಾಗ ಎಷ್ಟು ಇಂಗಾಲ ಗಾಳಿಗೆ ಹೋಯಿತು ಅಂತ ಲೆಕ್ಕ ಕೇಳುತ್ತದೆ. 2023ರ ಅಕ್ಟೋಬರ್‌ನಿಂದ ಲೆಕ್ಕ ಮಾತ್ರ ಕೊಟ್ಟರೆ ಸಾಕಿತ್ತು. 2026ರ ಜನವರಿ 1ರಿಂದ ದುಡ್ಡಿನ ಹೊರೆಯೂ ಸೇರಿಕೊಂಡಿದೆ. ಪಟ್ಟಿಯಲ್ಲಿ ದೊಡ್ಡ ದೊಡ್ಡ ಉಕ್ಕಿನ ಸುರುಳಿ ಮಾತ್ರ ಇಲ್ಲ. ಬೋಲ್ಟು, ನಟ್ಟು, ಸ್ಕ್ರೂ ಕೂಡ ಇವೆ. ವರ್ಷಕ್ಕೆ 50 ಟನ್ ಒಳಗೆ ತರಿಸುವ ಆಮದುದಾರರಿಗೆ ವಿನಾಯಿತಿ ಇದೆ. ಅದಕ್ಕಿಂತ ಜಾಸ್ತಿ ಕೊಳ್ಳುವವರು ಲೆಕ್ಕ ಕೇಳದೆ ಬಿಡುವುದಿಲ್ಲ.

ಹಣ ಕಟ್ಟುವವರು ಅಲ್ಲಿನ ಆಮದುದಾರರು. ಲೆಕ್ಕ ಒದಗಿಸಬೇಕಾದವರು ಇಲ್ಲಿನ ತಯಾರಕರು. ನಿಮ್ಮ ನಿಜವಾದ ಅಂಕಿ ಕೊಡಲು ಆಗದಿದ್ದರೆ ಅವರು ಒಕ್ಕೂಟ ಮೊದಲೇ ನಿಗದಿ ಮಾಡಿದ ಅಂಕಿ ಹಿಡಿಯುತ್ತಾರೆ. ಅದು ಸಾಮಾನ್ಯವಾಗಿ ನಿಮಗೆ ಅನುಕೂಲವಾಗಿ ಇರುವುದಿಲ್ಲ. ಆಗ ಏರಿದ ಖರ್ಚನ್ನು ಯಾರು ಹೊರಬೇಕು? ಇದಕ್ಕೆ ಉತ್ತರ ಕರಾರಿನಲ್ಲಿ ಮೊದಲೇ ಇರಬೇಕು. ಕೊಳ್ಳುವವರು ಕಳಿಸುವ ಮೂವತ್ತು ಪುಟದ ಕರಾರಿನಲ್ಲಿ ಇಪ್ಪತ್ತನೇ ಪುಟದ ಹೊತ್ತಿಗೆ ಒಂದು ಸಾಲು ಇರುತ್ತದೆ: ಅಂಕಿ ತಪ್ಪಾದರೆ, ತಡವಾದರೆ ಆಗುವ ನಷ್ಟವೆಲ್ಲ ಮಾರುವವರದ್ದು. ಬೆಲೆ, ಡೆಲಿವರಿ ತಾರೀಖು ನೋಡಿ ಸಹಿ ಹಾಕುವ ಮಾಲೀಕರು ಈ ಸಾಲನ್ನು ದಯವಿಟ್ಟು ಓದಬೇಕು. ಹೊಣೆಗೆ ಒಂದು ಮಿತಿ ಹಾಕಿ ಅಂತ ಕೇಳಬಹುದು. ಕಚ್ಚಾ ಉಕ್ಕು ಕೊಟ್ಟವರು ಅಂಕಿ ಕೊಡದಿದ್ದರೆ ಅದು ನಮ್ಮ ತಪ್ಪಲ್ಲ ಅಂತ ಬರೆಸಬಹುದು. ಕೇಳಿದರೆ ಎಷ್ಟೋ ಸಲ ಸಿಗುತ್ತದೆ.

ಡ್ರಾಯರ್‌ನಿಂದ ಸಾಫ್ಟ್‌ವೇರ್‌ಗೆ

ಇಷ್ಟು ಕರಾರುಗಳನ್ನು ಯಾರು ನೋಡಿಕೊಳ್ಳುತ್ತಾರೆ? ಇಲ್ಲಿ ತಂತ್ರಜ್ಞಾನ ಬರುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕರಾರುಗಳು ಕಬ್ಬಿಣದ ಬೀರುವಿನಲ್ಲಿ ಇರುತ್ತಿದ್ದವು. ಯಾವುದು ಎಲ್ಲಿದೆ ಅಂತ ಒಬ್ಬರಿಗೆ ಮಾತ್ರ ಗೊತ್ತು. ಅವರು ರಜೆ ಹಾಕಿದರೆ ಎಲ್ಲರೂ ಕಾಯಬೇಕು. ಒಂದು ಸಲ ಯಂತ್ರಗಳ ನಿರ್ವಹಣೆಯ ಕರಾರು ತಾನಾಗಿಯೇ ಮೂರು ವರ್ಷಕ್ಕೆ ಮುಂದುವರಿದುಬಿಟ್ಟಿತು. ಬೇಡ ಅನ್ನುವುದಾದರೆ 90 ದಿನ ಮುಂಚೆ ಪತ್ರ ಕೊಡಬೇಕಿತ್ತು. ಆ ಸಾಲು ಹನ್ನೊಂದನೇ ಪುಟದಲ್ಲಿತ್ತು. ಯಾರೂ ನೋಡಿರಲಿಲ್ಲ. ಬೇಡದ ಸೇವೆಗೆ ಮೂರು ವರ್ಷ ದುಡ್ಡು ಕಟ್ಟಬೇಕಾಯಿತು.

ಈಗಿನ ಕರಾರು ನಿರ್ವಹಣಾ ಸಾಫ್ಟ್‌ವೇರ್ ಮಾಡುವ ಮೊದಲ ಉಪಕಾರವೇ ಇದು. ಎಲ್ಲ ಕರಾರುಗಳನ್ನೂ ಸ್ಕ್ಯಾನ್ ಮಾಡಿ ಒಳಗೆ ಹಾಕಿದರೆ ಯಾವಾಗ ಮುಗಿಯುತ್ತದೆ, ಎಷ್ಟು ದಿನ ಮುಂಚೆ ನೋಟಿಸ್ ಕೊಡಬೇಕು, ಹೊಣೆಯ ಮಿತಿ ಎಷ್ಟು ಅಂತ ಹುಡುಕಿ ತೋರಿಸುತ್ತದೆ. “ನಮ್ಮ 400 ಸಪ್ಲೈಯರ್‌ಗಳಲ್ಲಿ ನೀರಿನ ಲೆಕ್ಕ ಕೊಡಬೇಕು ಅನ್ನುವ ಷರತ್ತಿಗೆ ಒಪ್ಪಿದವರು ಎಷ್ಟು?” ಅಂತ ಕೇಳಿದರೆ ಬೀರು ಉತ್ತರ ಹೇಳುತ್ತಿರಲಿಲ್ಲ. ಇದು ಹೇಳುತ್ತದೆ. ತಂತ್ರಜ್ಞಾನ ಮತ್ತು ಪರಿಸರದ ಲೆಕ್ಕ ಒಂದಕ್ಕೊಂದು ಕೈ ಕೊಡುವ ಜಾಗ ಇದೇ. ಅಂಕಿಗೆ ಹೊಣೆ ಹೊರಬೇಕಾದರೆ ಅಂಕಿ ಎಲ್ಲಿಂದ ಬಂತು ಅಂತ ಹಿಂದಕ್ಕೆ ನಡೆದು ನೋಡುವ ದಾರಿ ಇರಬೇಕು. ಸಾವಿರಾರು ಕಾಗದದ ನಡುವೆ ಆ ದಾರಿಯನ್ನು ಕೈಯಲ್ಲಿ ಹುಡುಕಲು ಆಗುವುದಿಲ್ಲ.

ಗೋಪ್ಯತೆ ಕರಾರಿನಂಥ ದಿನಬಳಕೆಯ ಕಾಗದ ಓದುವುದನ್ನು ಈಗ ಎಐ ನಿಮಿಷಗಳಲ್ಲಿ ಮುಗಿಸುತ್ತದೆ. ನಮ್ಮ ಮಾದರಿಗೂ ಎದುರಿನವರು ಕಳಿಸಿದ್ದಕ್ಕೂ ಎಲ್ಲೆಲ್ಲಿ ವ್ಯತ್ಯಾಸ ಅಂತ ಗುರುತು ಹಾಕಿಕೊಡುತ್ತದೆ. ಹೊರದೇಶದ ಕಂಪನಿಗಳು ಬೆಂಗಳೂರಿನಲ್ಲಿ ಇಟ್ಟಿರುವ ಕೇಂದ್ರಗಳಲ್ಲಿ, ಅಂದರೆ ಜಿಸಿಸಿಗಳಲ್ಲಿ, ಇಂಥ ಕೆಲಸ ಮಾಡುವ ಎಷ್ಟೋ ಕಾನೂನು ಪದವೀಧರರು ಇದ್ದಾರೆ. ಅವರ ದಿನದ ಕೆಲಸ ಕಣ್ಣ ಮುಂದೆ ಬದಲಾಗುತ್ತಿದೆ. ಮೊದಲ ಓದು ಯಂತ್ರದ್ದು. ಒಪ್ಪಬೇಕೋ ಬೇಡವೋ ಅನ್ನುವುದು ಇವರದ್ದು. ನನಗೆ ಒಂದು ಚಿಂತೆ ಇದೆ. ನಾವು ಸಾವಿರ ಕರಾರು ಓದಿ ಓದಿ ಕಣ್ಣು ಪಳಗಿಸಿಕೊಂಡೆವು. ಹೊಸದಾಗಿ ಬಂದವರಿಗೆ ಆ ಓದೇ ಸಿಗದಿದ್ದರೆ ತಪ್ಪು ಹಿಡಿಯುವ ಕಣ್ಣು ಎಲ್ಲಿಂದ ಬರುತ್ತದೆ? ಅದಕ್ಕೇ ನಮ್ಮಲ್ಲಿ ಹೊಸಬರು ಮೊದಲ ಆರು ತಿಂಗಳು ತಾವೇ ಓದಿ, ಆಮೇಲೆ ಯಂತ್ರದ ಉತ್ತರ ನೋಡಬೇಕು ಅಂತ ಮಾಡಿಕೊಂಡಿದ್ದೇವೆ.

ಇಲ್ಲದ ತೀರ್ಪುಗಳು

ಎಐ ತುಂಬ ಧೈರ್ಯದಿಂದ ತಪ್ಪು ಹೇಳಬಲ್ಲದು. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಕೊಟ್ಟ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟರು. ಆ ತೀರ್ಪುಗಳು ಇರಲೇ ಇಲ್ಲ. 5,000 ಡಾಲರ್ ದಂಡ ಬಿತ್ತು. ಅದೇನೋ ದೂರದ ಕಥೆ ಅನ್ನುವಂತಿಲ್ಲ. 2024ರ ಡಿಸೆಂಬರ್‌ನಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠದ ಒಂದು ಆದೇಶದಲ್ಲಿ ಇಲ್ಲದ ತೀರ್ಪುಗಳ ಉಲ್ಲೇಖ ಕಂಡುಬಂದು, ಕೆಲವೇ ದಿನದಲ್ಲಿ ಆ ಆದೇಶ ವಾಪಸಾಯಿತು. 2025ರ ಜುಲೈನಲ್ಲಿ ಕೇರಳ ಹೈಕೋರ್ಟ್ ತನ್ನ ಜಿಲ್ಲಾ ನ್ಯಾಯಾಲಯಗಳಿಗೆ ಎಐ ಬಳಕೆಯ ನೀತಿ ತಂದು, ತೀರ್ಮಾನ ಕೊಡಲು ಅದನ್ನು ಬಳಸಬಾರದು ಅಂತ ಹೇಳಿತು.

ಕಂಪನಿಯೊಳಗೆ ಈ ತಪ್ಪು ಇನ್ನೂ ಸುಲಭವಾಗಿ ಒಳಗೆ ನುಸುಳುತ್ತದೆ, ಯಾಕೆಂದರೆ ಇಲ್ಲಿ ಎದುರು ಪಕ್ಷದ ವಕೀಲರು ಇಲ್ಲ. ನಾನು ಕೊಟ್ಟ ಅಭಿಪ್ರಾಯ ನಂಬಿ ಸೇಲ್ಸ್‌ನವರು ಸಂಜೆಯೊಳಗೆ ಸಹಿ ಹಾಕಿಸಿಬಿಡುತ್ತಾರೆ. ಹಾಗಾಗಿ ಯಂತ್ರ ತೀರ್ಪಿನ ಹೆಸರು ಹೇಳಿದರೆ, ಆ ತೀರ್ಪನ್ನು ಕೋರ್ಟಿನ ವೆಬ್‌ಸೈಟಿನಲ್ಲಿ ತೆಗೆದು ಓದಿಯೇ ಮುಂದೆ ಹೋಗಬೇಕು. ಬೇರೆ ಅಡ್ಡದಾರಿ ಇಲ್ಲ.

ಇನ್ನೊಂದು ಅಪಾಯ ಕಡಿಮೆ ಜನಕ್ಕೆ ಗೊತ್ತು. ಅದನ್ನು ತಿಳಿಯಲು ಸನ್ನದಿನ, ಅಂದರೆ ವಕೀಲಿ ಮಾಡಲು ಸಿಗುವ ಅನುಮತಿಯ, ವಿಷಯ ಸ್ವಲ್ಪ ಹೇಳಬೇಕು. ಬಾರ್ ಕೌನ್ಸಿಲ್‌ನ 49ನೇ ನಿಯಮದಂತೆ, ಪೂರ್ತಿ ಹೊತ್ತು ಸಂಬಳಕ್ಕೆ ಸೇರಿದವರು ವಕೀಲರಾಗಿ ವೃತ್ತಿ ಮಾಡುವಂತಿಲ್ಲ. ಕಂಪನಿ ಸೇರುವಾಗ ಸನ್ನದನ್ನು ಅಮಾನತಿನಲ್ಲಿ ಇಡಬೇಕು. ಕಕ್ಷಿದಾರರು ತಮ್ಮ ವಕೀಲರಿಗೆ ಹೇಳಿದ ಗುಟ್ಟಿಗೆ ಕಾನೂನಿನ ರಕ್ಷಣೆ ಇದೆ. ಹೊಸ ಸಾಕ್ಷ್ಯ ಕಾಯ್ದೆಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮು ಅದನ್ನು ಕೊಡುತ್ತದೆ. ಆದರೆ 2025ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಕಂಪನಿಯ ಸಂಬಳದಲ್ಲಿರುವ ಕಾನೂನು ಸಲಹೆಗಾರರಿಗೆ ಆ ರಕ್ಷಣೆ ಇಲ್ಲ. ಮ್ಯಾನೇಜರ್‌ಗೆ ನಾನು ಕಳಿಸಿದ ಇಮೇಲ್‌ಗೆ, ಹೊರಗಿನ ವಕೀಲರು ಕಳಿಸಿದ ಪತ್ರಕ್ಕೆ ಇರುವ ಕವಚ ಇಲ್ಲ ಅಂತಾಯಿತು.

ಇದನ್ನು ಚಾಟ್‌ಬಾಟ್ ಜೊತೆ ಸೇರಿಸಿ ನೋಡಿ. ಯಾರೋ ಒಬ್ಬರು ಗೊಂದಲದಲ್ಲಿ “ನಮ್ಮ ಕಾರ್ಖಾನೆಯ ಕೊಳಚೆ ನೀರು ಮಿತಿ ಮೀರಿದೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಏನು ಉತ್ತರ ಬರೆಯಲಿ?” ಅಂತ ಸಾರ್ವಜನಿಕ ಚಾಟ್‌ಬಾಟ್‌ಗೆ ಟೈಪ್ ಮಾಡುತ್ತಾರೆ. ಆ ಮಾತು ಕಂಪನಿಯ ಹೊರಗೆ ಹೋಯಿತು. ಎಲ್ಲೋ ಒಂದು ಸರ್ವರ್‌ನಲ್ಲಿ ದಾಖಲೆಯಾಗಿ ಉಳಿಯಲೂಬಹುದು. ಹಾಗಾಗಿ ಯಾವ ಎಐ ಸಾಧನ ಬಳಸಬಹುದು, ಅದಕ್ಕೆ ಏನನ್ನು ಕೊಡಬಾರದು ಅನ್ನುವ ನಿಯಮ ಬರೆಯುವುದು ಈಗ ಲೀಗಲ್ ಟೀಮಿನ ಕೆಲಸ. ಹಾಗೆಯೇ ಕೊಳಚೆ ನೀರು ಮಿತಿ ಮೀರದ ಹಾಗೆ ಮೊದಲೇ ಎಚ್ಚರಿಸುವುದೂ ನಮ್ಮ ಕೆಲಸವೇ. ಚೆನ್ನಾಗಿ ಬರೆದ ಉತ್ತರದಿಂದ ಕೆರೆ ಸ್ವಚ್ಛ ಆಗುವುದಿಲ್ಲ.

ಆರು ಗಂಟೆ

ಶನಿವಾರ ರಾತ್ರಿ ಹನ್ನೊಂದಕ್ಕೆ ಐಟಿಯವರ ಫೋನ್ ಬರುತ್ತದೆ: “ಮೇಡಂ, ಯಾರೋ ಸರ್ವರ್ ಒಳಗೆ ಹೊಕ್ಕಿದ್ದಾರೆ.” ಆ ಕ್ಷಣದಿಂದ ಗಡಿಯಾರ ಓಡುತ್ತದೆ. ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ, ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಅದಕ್ಕೆ ತಿಳಿಸಬೇಕು. ಅಂದರೆ ಬೆಳಗಿನ ಐದು ಗಂಟೆಯೊಳಗೆ. ವೈಯಕ್ತಿಕ ಮಾಹಿತಿ ಸೋರಿದ್ದರೆ 2023ರ ಡಿಪಿಡಿಪಿ ಕಾಯ್ದೆಯೂ (ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ) ಇದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಮುಖ್ಯ ಕಟ್ಟುಪಾಡುಗಳಿಗೆ ಸಿದ್ಧವಾಗಲು 18 ತಿಂಗಳು ಕೊಟ್ಟಿದ್ದಾರೆ. ಆಮೇಲೆ ಸೋರಿಕೆ ಆದರೆ ಈ ಕಾಯ್ದೆಯ ದತ್ತಾಂಶ ರಕ್ಷಣಾ ಮಂಡಳಿಗೆ ತಡಮಾಡದೆ ತಿಳಿಸಿ, 72 ಗಂಟೆಯೊಳಗೆ ಪೂರ್ತಿ ವಿವರ ಕೊಡಬೇಕು. ಯಾರ ಮಾಹಿತಿ ಸೋರಿತೋ ಅವರಿಗೂ ಹೇಳಬೇಕು. ಮಾಹಿತಿಗೆ ತಕ್ಕ ಭದ್ರತೆ ಇಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ.

ಇಷ್ಟು ಹೊತ್ತಿನಲ್ಲಿ ಕಾನೂನು ಪುಸ್ತಕ ತೆಗೆದು ಓದುತ್ತಾ ಕೂರಲು ಆಗುವುದಿಲ್ಲ. ಯಾರಿಗೆ ಫೋನ್, ಯಾರು ಬರೆಯುವುದು, ಯಾರು ಸಹಿ ಹಾಕುವುದು ಅಂತ ಮೊದಲೇ ಗೊತ್ತಿರಬೇಕು. ಹಾಗಾಗಿ ಬೆಂಕಿ ಬಿದ್ದರೆ ಹೇಗೆ ಹೊರಗೆ ಓಡಬೇಕು ಅಂತ ಅಭ್ಯಾಸ ಮಾಡಿಸುವ ಹಾಗೆಯೇ ಇದಕ್ಕೂ ಅಭ್ಯಾಸ ಮಾಡುತ್ತೇವೆ. ಮೊದಲ ಸಲ ಮಾಡಿದಾಗ ಗೊತ್ತಾಗಿದ್ದು ತೀರಾ ಸಣ್ಣ ವಿಷಯ. ತುರ್ತಿನ ಫೋನ್ ನಂಬರ್‌ಗಳ ಪಟ್ಟಿ ಇದ್ದಿದ್ದು ಅದೇ ಸರ್ವರ್ ಒಳಗೆ. ಈಗ ಅದನ್ನು ಕಾಗದದ ಮೇಲೆ ಪ್ರಿಂಟ್ ಮಾಡಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೇವೆ.

ಕನ್ನಡದಲ್ಲಿ ಕೇಳುವ ಹಕ್ಕು

ಡಿಪಿಡಿಪಿ ಕಾಯ್ದೆಯ 5ನೇ ಕಲಮಿನಲ್ಲಿ ನಮಗೆಲ್ಲ ಸಂಬಂಧಪಟ್ಟ ಒಂದು ಮಾತಿದೆ. ಕಂಪನಿ ನಿಮ್ಮ ಮಾಹಿತಿ ತೆಗೆದುಕೊಳ್ಳುವ ಮುಂಚೆ ನೋಟಿಸ್ ಕೊಡಬೇಕು. ಅದನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಿ ಬೇಕಾದರೂ ಓದುವ ಆಯ್ಕೆ ನಿಮಗೆ ಇರಬೇಕು. ಕನ್ನಡವೂ ಅದರಲ್ಲಿದೆ. 2025ರಲ್ಲಿ ಬಂದ ಕರ್ನಾಟಕದ ಗಿಗ್ ಕೆಲಸಗಾರರ ಕಾಯ್ದೆಯೂ ಇದೇ ದಿಕ್ಕಿನದು. ಡೆಲಿವರಿ ಹುಡುಗರ ಕರಾರು ಸರಳ ಭಾಷೆಯಲ್ಲಿರಬೇಕು, ಆ್ಯಪ್ ಯಾವ ಆಧಾರದ ಮೇಲೆ ಅವರನ್ನು ಅಳೆಯುತ್ತದೆ ಅಂತ ತಿಳಿಸಬೇಕು, ಮಾತಾಡಲು ಒಬ್ಬ ಮನುಷ್ಯ ಇರಬೇಕು ಅನ್ನುತ್ತದೆ.

ಇಲ್ಲಿ ನಮ್ಮ ಟೀಮುಗಳಿಗೆ ಒಂದು ಕೊರತೆ ಇದೆ. ಕಾನೂನು ಬಲ್ಲವರು, ಕನ್ನಡದಲ್ಲಿ ತಿಳಿಯಾಗಿ ಬರೆಯಬಲ್ಲವರು ಕಡಿಮೆ. ಅನುವಾದದ ಸಾಫ್ಟ್‌ವೇರ್ ಕೊಟ್ಟ ಒಂದು ನೋಟಿಸ್ ಕರಡು ನನ್ನ ಟೇಬಲ್ಲಿಗೆ ಬಂದಿತ್ತು: “ಸದರಿ ದತ್ತಾಂಶದ ಸಂಸ್ಕರಣೆಗೆ ತಾವು ಈ ಮೂಲಕ ನಿಶ್ಚಿತ ಸಮ್ಮತಿಯನ್ನು ಪ್ರದಾನಿಸತಕ್ಕದ್ದು.” ಕಾನೂನಿನ ಪ್ರಕಾರ ಇದು ಕನ್ನಡವೇ. ಆದರೆ ಯಾರಿಗೆ ಅರ್ಥವಾಗುತ್ತದೆ? ಅರ್ಥವಾಗದೆ ಒತ್ತಿದ ‘ಒಪ್ಪಿದೆ’ ನಿಜವಾದ ಒಪ್ಪಿಗೆ ಹೇಗೆ ಆಗುತ್ತದೆ? ಕಿರಿಯ ಸಹೋದ್ಯೋಗಿಯೊಬ್ಬಳು, ದಾವಣಗೆರೆ ಕಡೆಯವಳು, ಅದನ್ನು ತನ್ನ ತಾಯಿಗೆ ಫೋನಿನಲ್ಲಿ ಓದಿ ಹೇಳಿದಳು. ಅವರಿಗೆ ತಿಳಿಯಲಿಲ್ಲ. ಅವಳು ತಿದ್ದಿದಳು, ಮತ್ತೆ ಓದಿದಳು. ಮೂರನೇ ಸಲಕ್ಕೆ ಅವರು “ಹ್ಞೂಂ, ಈಗ ಗೊತ್ತಾತು ನೋಡು” ಅಂದರು. ಆಮೇಲೆ ನಾವು ಆ್ಯಪ್‌ನಲ್ಲಿ ಹಾಕಿದ್ದು ಇಷ್ಟು:

“ನಿಮ್ಮ ಫೋನ್ ನಂಬರ್ ಮತ್ತು ವಿಳಾಸವನ್ನು ಸಾಮಾನು ತಲುಪಿಸಲು ಮಾತ್ರ ಬಳಸುತ್ತೇವೆ. ಬೇರೆಯವರಿಗೆ ಮಾರುವುದಿಲ್ಲ. ಬೇಡ ಅನ್ನಿಸಿದಾಗ ಈ ಒಪ್ಪಿಗೆಯನ್ನು ವಾಪಸ್ ತೆಗೆದುಕೊಳ್ಳಬಹುದು. ಅದಕ್ಕೆ ಕೆಳಗಿನ ಬಟನ್ ಒತ್ತಿ.”